60 ಪಂದ್ಯದ 160, 80 ಪಂದ್ಯದ 215: ಯಾರ ಉತ್ತುಂಗ ದೊಡ್ಡದು?

ಪ್ರಶ್ನೆ: ಐಸ್ ಹಾಕಿಯ ವೇಯ್ನ್ ಗ್ರೆಟ್ಜ್ಕಿ ಒಂದೇ ಸೀಸನ್‌ನಲ್ಲಿ 215 ಅಂಕ ಗಳಿಸಿದ್ದಾರೆ. ಮಾರಿಯೊ ಲೆಮ್ಯೂ ಅವರ ಗರಿಷ್ಠ 199. ಆದರೂ ಉತ್ತುಂಗದಲ್ಲಿ ಲೆಮ್ಯೂ ಅವರೇ ಮೇಲು ಎಂದು ಗೆಳೆಯ ಪಟ್ಟು ಹಿಡಿದಿದ್ದಾನೆ. ಯಾವ ಲೆಕ್ಕದಲ್ಲಿ? ನಮ್ಮ ತಾಲ್ಲೂಕು ಹಾಕಿ ತಂಡದ ಇಬ್ಬರು ಫಾರ್ವರ್ಡ್‌ಗಳನ್ನೂ ಹೀಗೆ ತೂಗಿ ನೋಡಬಹುದೆ?
– ಓದುಗರು, ಸಿರುಗುಪ್ಪ, ಬಳ್ಳಾರಿ ಜಿಲ್ಲೆ

ಉತ್ತರ: ತುಂಗಭದ್ರಾ ಕಾಲುವೆಯ ಮೇಲ್ಭಾಗದಲ್ಲಿ ಎಕರೆಗೆ 40 ಚೀಲ ಭತ್ತ ತೆಗೆದವರನ್ನೂ ನೀರು ಸರಿಯಾಗಿ ತಲುಪದ ಕೊನೆಭಾಗದಲ್ಲಿ 34 ಚೀಲ ತೆಗೆದವರನ್ನೂ ಬರೀ ಚೀಲ ಎಣಿಸಿ ಹೋಲಿಸಿದರೆ ನೀವೇ ಒಪ್ಪುವುದಿಲ್ಲ. ಆ ವರ್ಷ ಪಕ್ಕದ ಹೊಲದಲ್ಲಿ ಎಷ್ಟು ಬೆಳೆಯಿತು ಎಂದು ಮೊದಲು ಕೇಳುತ್ತೀರಿ. ನಿಮ್ಮ ಗೆಳೆಯರ ವಾದದ ತಿರುಳೂ ಇದೇ.

ಐಸ್ ಹಾಕಿಯಲ್ಲಿ ಗೋಲಿಗೆ ಒಂದು ಅಂಕ, ಅಸಿಸ್ಟ್‌ಗೆ, ಅಂದರೆ ಗೋಲಿಗೆ ದಾರಿ ಮಾಡಿದ ಪಾಸ್‌ಗೆ, ಒಂದು ಅಂಕ. ಒಂದು ಗೋಲಿಗೆ ಇಬ್ಬರವರೆಗೆ ಅಸಿಸ್ಟ್ ಕೊಡುತ್ತಾರೆ. ಮೊದಲು ಪಂದ್ಯಗಳಿಂದ ಭಾಗಿಸಿ. ಗ್ರೆಟ್ಜ್ಕಿ 1985-86ರಲ್ಲಿ 80 ಪಂದ್ಯಗಳಲ್ಲಿ 215 ಅಂಕ ಗಳಿಸಿದರು, ಅಂದರೆ ಪಂದ್ಯಕ್ಕೆ 2.69. ಆದರೆ ಅವರ ಅತಿ ತೀವ್ರ ವರ್ಷ 1983-84: 74 ಪಂದ್ಯ, 205 ಅಂಕ, ಪಂದ್ಯಕ್ಕೆ 2.77. ಲೆಮ್ಯೂ 1988-89ರಲ್ಲಿ 76 ಪಂದ್ಯಕ್ಕೆ 199, ಅಂದರೆ 2.62. 1992-93ರಲ್ಲಿ 60 ಪಂದ್ಯಕ್ಕೆ 160, ಅಂದರೆ 2.67. ಇಲ್ಲಿಯವರೆಗೆ ಗ್ರೆಟ್ಜ್ಕಿ ಮುಂದೆ.

ಈಗ ಪಕ್ಕದ ಹೊಲ ನೋಡೋಣ. ಇಬ್ಬರೂ ಆಡಿದ ಉತ್ತರ ಅಮೆರಿಕದ ವೃತ್ತಿಪರ ಲೀಗ್ ಎನ್‌ಎಚ್‌ಎಲ್‌ನಲ್ಲಿ 1983-84ರಲ್ಲಿ ಒಂದು ತಂಡ ಪಂದ್ಯಕ್ಕೆ ಸರಾಸರಿ 3.94 ಗೋಲು ಹೊಡೆಯುತ್ತಿತ್ತು. 1988-89ರಲ್ಲಿ ಅದು 3.74, 1992-93ರಲ್ಲಿ 3.63. 1983-84ರ ಕಾಲದ ಗೋಲ್‌ಕೀಪರ್‌ಗಳು ಹೆಚ್ಚಾಗಿ ನಿಂತೇ ತಡೆಯುತ್ತಿದ್ದರು, ಪ್ಯಾಡುಗಳೂ ಚಿಕ್ಕವು. ಮಂಡಿಯೂರಿ ಕಾಲು ಅಗಲಿಸಿ ಕೆಳಭಾಗ ಮುಚ್ಚುವ ಬಟರ್‌ಫ್ಲೈ ಶೈಲಿ ಎಲ್ಲೆಡೆ ಹರಡಿದ್ದು ಆಮೇಲೆ. ಎಲ್ಲರನ್ನೂ ಒಂದೇ ಅಳತೆಗೆ, ಅಂದರೆ ತಂಡವೊಂದು ಪಂದ್ಯಕ್ಕೆ 3 ಗೋಲು ಹೊಡೆಯುವ ಲೀಗ್‌ನ ಮಟ್ಟಕ್ಕೆ, ತರಲು ಆಟಗಾರನ ಪಂದ್ಯದ ಸರಾಸರಿಯನ್ನು 3ರಿಂದ ಗುಣಿಸಿ, ಆ ವರ್ಷದ ಲೀಗ್ ಸರಾಸರಿಯಿಂದ ಭಾಗಿಸಿ. ಗ್ರೆಟ್ಜ್ಕಿಯ 2.77 ಇಳಿದು 2.11 ಆಗುತ್ತದೆ. ಲೆಮ್ಯೂ ಅವರ 1988-89 ಇಳಿದು 2.10, 1992-93 ಇಳಿದು 2.20. ಗೆಳೆಯರು ಗೆದ್ದರು, ಆದರೆ ಕೂದಲೆಳೆಯಷ್ಟು. 0.09ರ ಅಂತರ ಎಂದರೆ 80 ಪಂದ್ಯಕ್ಕೆ ಏಳು ಅಂಕ, ಅಷ್ಟೇ.

ಆ 1992-93 ಬರೀ ಅಂಕಿಯಲ್ಲ. ಹಾಡ್ಜ್‌ಕಿನ್ ಲಿಂಫೋಮ ಎಂಬ ಕ್ಯಾನ್ಸರ್‌ಗೆ ಚಿಕಿತ್ಸೆ ಪಡೆಯುತ್ತಿದ್ದ ಲೆಮ್ಯೂ, ಮಾರ್ಚ್ 2ರಂದು ಕೊನೆಯ ವಿಕಿರಣ ಚಿಕಿತ್ಸೆ ಮುಗಿಸಿ ಅದೇ ರಾತ್ರಿ ಫಿಲಡೆಲ್ಫಿಯಾದಲ್ಲಿ ಆಡಿ ಒಂದು ಗೋಲು, ಒಂದು ಅಸಿಸ್ಟ್ ಪಡೆದರು. 84 ಪಂದ್ಯಗಳ ಸೀಸನ್‌ನಲ್ಲಿ 24 ತಪ್ಪಿಸಿಕೊಂಡೂ, ಪೂರಾ 84 ಆಡಿ 148 ಅಂಕ ಗಳಿಸಿದ್ದ ಪ್ಯಾಟ್ ಲಾಫಾಂಟೇನ್ ಅವರನ್ನು ಹಿಂದಿಕ್ಕಿದರು. ಈ ಆಟದಲ್ಲಿ ಇದಕ್ಕಿಂತ ದೊಡ್ಡ ಮರಳುವಿಕೆಯನ್ನು ನಾವು ಕಾಣೆವು.

ಗೋಲು ಎಂಥ ಸ್ಥಿತಿಯಲ್ಲಿ ಬಂತು ಎಂಬುದೂ ಮುಖ್ಯ. ಲೆಮ್ಯೂ ಅವರ 1988-89ರ 85 ಗೋಲುಗಳಲ್ಲಿ 31 ಪವರ್‌ಪ್ಲೇಯಲ್ಲಿ, ಅಂದರೆ ಎದುರಾಳಿಯ ಆಟಗಾರ ಶಿಕ್ಷೆಗೆ ಹೊರಗಿದ್ದಾಗ, ಬಂದವು. ತಮ್ಮದೇ ತಂಡದಲ್ಲಿ ಆಟಗಾರ ಕಡಿಮೆ ಇದ್ದಾಗ 13, ಸಮಬಲದಲ್ಲಿ 41. ಗ್ರೆಟ್ಜ್ಕಿಯ 1983-84ರ 87ರಲ್ಲಿ ಕ್ರಮವಾಗಿ 20, 12, 55. ಸಮಬಲದ ಆಟದಲ್ಲಿ ಗ್ರೆಟ್ಜ್ಕಿ ಸ್ಪಷ್ಟವಾಗಿ ಮೇಲು. ಇದಕ್ಕೆ ಎದುರು ಇನ್ನೊಂದು ಅಂಕಿ ಇಡಬೇಕು: ಗ್ರೆಟ್ಜ್ಕಿಯ ತಂಡ ಎಡ್ಮಂಟನ್ ಆಯಿಲರ್ಸ್ 1983-84ರಲ್ಲಿ ಹೊಡೆದ 446 ಗೋಲುಗಳಲ್ಲಿ ಅವರ ಕೈ ಇದ್ದದ್ದು ಶೇ 46ರಲ್ಲಿ. ಲೆಮ್ಯೂ ಅವರ ತಂಡ ಪಿಟ್ಸ್‌ಬರ್ಗ್ ಪೆಂಗ್ವಿನ್ಸ್ 1988-89ರಲ್ಲಿ ಹೊಡೆದ 347ರಲ್ಲಿ ಅವರ ಪಾಲು ಶೇ 57. ಗೋಲಿನ ಹೊರೆ ಹೆಚ್ಚು ಹೊತ್ತವರು ಲೆಮ್ಯೂ.

ನಮ್ಮ ತೀರ್ಪು ನೀವು ಉತ್ತುಂಗವನ್ನು ಎಷ್ಟು ಉದ್ದ ಅಳೆಯುತ್ತೀರಿ ಎಂಬುದರ ಮೇಲೆ ನಿಂತಿದೆ. ಒಂದೇ ಸೀಸನ್, ಪಂದ್ಯದ ಲೆಕ್ಕ ಎಂದರೆ ಲೆಮ್ಯೂ. ಸತತ ಮೂರು ಸೀಸನ್ ಎಂದರೆ ಗ್ರೆಟ್ಜ್ಕಿ: 1983ರಿಂದ 86ರವರೆಗೆ 234 ಪಂದ್ಯ, 628 ಅಂಕ, ಪಂದ್ಯಕ್ಕೆ 2.68. ಲೆಮ್ಯೂ ಅವರ 1987ರಿಂದ 90ರವರೆಗಿನ ಮೂರು ಸೀಸನ್‌ಗಳಲ್ಲಿ 212 ಪಂದ್ಯ, 490 ಅಂಕ, 2.31. ಲೀಗ್ ಸರಾಸರಿ ಹೊಂದಿಸಿದರೂ ಈ ಕಂದರ ಮುಚ್ಚುವುದಿಲ್ಲ. ಉತ್ತುಂಗ ಎನ್ನಲು ಒಂದು ಸೀಸನ್ ಸಾಲದು ಎಂದು ನಂಬುವ ನಮಗೆ ಗ್ರೆಟ್ಜ್ಕಿಯೇ ಮೇಲು.

ನಿಮ್ಮ ತಾಲ್ಲೂಕು ತಂಡಕ್ಕೆ ಬಂದರೆ, ಮೈದಾನದ ಹಾಕಿಯಲ್ಲಿ ಪಂದ್ಯದಿಂದ ಭಾಗಿಸಬೇಡಿ, ನಿಮಿಷದಿಂದ ಭಾಗಿಸಿ. ಎಷ್ಟು ಸಲ ಬೇಕಾದರೂ ಆಟಗಾರರನ್ನು ಬದಲಿಸಬಹುದಾದ್ದರಿಂದ ಒಬ್ಬ 50 ನಿಮಿಷ, ಇನ್ನೊಬ್ಬ 30 ನಿಮಿಷ ಆಡಿರುತ್ತಾರೆ. ಒಳಗೆ ಹೋದ, ಹೊರಗೆ ಬಂದ ಸಮಯ ಬರೆದಿಡಿ. ಗೋಲುಗಳ ಒಟ್ಟು ಮೊತ್ತವನ್ನು ನಿಮಿಷಗಳಿಂದ ಭಾಗಿಸಿ 60ರಿಂದ ಗುಣಿಸಿ. ಫೀಲ್ಡ್ ಗೋಲು, ಪೆನಾಲ್ಟಿ ಕಾರ್ನರ್ ಗೋಲು, ಸ್ಟ್ರೋಕ್ ಮೂರಕ್ಕೂ ಬೇರೆ ಕಾಲಂ ಇರಲಿ. ಸಾಮಾನ್ಯವಾಗಿ ಎಲ್ಲರೂ ಮರೆಯುವುದು ಒಂದು: ವೃತ್ತದೊಳಗೆ ನುಗ್ಗಿ ಡಿಫೆಂಡರ್ ಕಾಲಿಗೆ ಚೆಂಡು ತಗುಲಿಸಿ ಪೆನಾಲ್ಟಿ ಕಾರ್ನರ್ ತಂದವನು ಫಾರ್ವರ್ಡ್, ಸ್ಕೋರ್‌ಶೀಟಿನಲ್ಲಿ ಹೆಸರು ಬರುವುದು ಡ್ರ್ಯಾಗ್‌ಫ್ಲಿಕ್ ಹೊಡೆದವನದು. ಗಳಿಸಿಕೊಟ್ಟ ಕಾರ್ನರ್‌ಗಳಿಗೂ ಕಾಲಂ ಇಡದಿದ್ದರೆ ನಿಮ್ಮ ಒಳ್ಳೆಯ ಫಾರ್ವರ್ಡ್‌ಗೆ ಅನ್ಯಾಯವಾಗುತ್ತದೆ.

ಜಿಲ್ಲಾ ಟೂರ್ನಿಯಲ್ಲಿ ಐದಾರು ಪಂದ್ಯಗಳಷ್ಟೇ ಸಿಗುತ್ತವೆ. ದುರ್ಬಲ ತಂಡದ ಮೇಲೆ 9-0 ಗೆದ್ದ ಒಂದು ದಿನ ಇಡೀ ಸರಾಸರಿಯನ್ನು ಕೆಡಿಸುತ್ತದೆ. ಅಂಥ ಪಂದ್ಯವನ್ನು ಪ್ರತ್ಯೇಕವಾಗಿ ಬರೆದು, ಎರಡು ವರ್ಷದ ಟೂರ್ನಿಗಳ ಲೆಕ್ಕ ಸೇರಿದ ಮೇಲೆ ಇಬ್ಬರನ್ನೂ ಹೋಲಿಸಿ.