ಮಾರಿಕಣಿವೆಯಲ್ಲಿ ಟ್ರೌಟ್ ಸಿಗುತ್ತದೆಯೇ?

ಪ್ರಶ್ನೆ: ಊರು ಹಿರಿಯೂರಿನ ಹತ್ತಿರ, ಓದುತ್ತಿರುವುದು ದಾವಣಗೆರೆಯಲ್ಲಿ. ಟ್ರೌಟ್ ಹಿಡಿಯುವ ವಿಡಿಯೊ ನೋಡಿ ನೋಡಿ ಆಸೆ ಹುಟ್ಟಿತು. ಆನ್‌ಲೈನಿನಲ್ಲಿ ನಾಲ್ಕೂವರೆ ಸಾವಿರ ಕೊಟ್ಟು ಫ್ಲೈ ರಾಡ್ (ಹುಳುವಿನ ಹಾಗೆ ಕಾಣುವ ಹಗುರ ಕೊಕ್ಕೆ, ಅಂದರೆ ಫ್ಲೈ, ಬೀಸಿ ಎಸೆಯುವ ಗಾಳದ ಕೋಲು) ತರಿಸಿಕೊಂಡೆ. ಎರಡು ಭಾನುವಾರ ಮಾರಿಕಣಿವೆಯ, ಅಂದರೆ ವಾಣಿ ವಿಲಾಸ ಸಾಗರದ, ದಂಡೆಯಲ್ಲಿ ನಿಂತರೂ ಒಂದು ಮೀನೂ ಮುಟ್ಟಲಿಲ್ಲ. ದನ ಕಾಯುತ್ತಿದ್ದ ಅಜ್ಜ ನೋಡಿ ನಕ್ಕರು. ಎಲ್ಲಿ ತಪ್ಪುತ್ತಿದ್ದೇನೆ ಸರ್?

ಉತ್ತರ: ಅಜ್ಜ ನಕ್ಕಿದ್ದರಲ್ಲಿ ತಪ್ಪಿಲ್ಲ, ಆದರೆ ನಿಮ್ಮ ಕೈಯಲ್ಲೂ ತಪ್ಪಿಲ್ಲ. ಇಲ್ಲಿ ಟ್ರೌಟ್ ಇಲ್ಲವೇ ಇಲ್ಲ. ಅದು ತಣ್ಣೀರಿನ ಮೀನು. ನೀರು 10ರಿಂದ 18 ಡಿಗ್ರಿ ಇದ್ದರೆ ಹಾಯಾಗಿರುತ್ತದೆ, 25 ದಾಟಿದರೆ ಜೀವಕ್ಕೇ ಕುತ್ತು. ನೀರು ಬಿಸಿಯಾದಷ್ಟೂ ಅದರಲ್ಲಿ ಕರಗಿರುವ ಆಮ್ಲಜನಕ ಕಡಿಮೆ. 10 ಡಿಗ್ರಿಯ ನೀರು ಲೀಟರಿಗೆ ಸುಮಾರು 11 ಮಿಲಿಗ್ರಾಂ ಹಿಡಿದಿಟ್ಟುಕೊಂಡರೆ, 30 ಡಿಗ್ರಿಯದು ಏಳೂವರೆಯಷ್ಟೇ. ಏಪ್ರಿಲ್‌ನಲ್ಲಿ ನಮ್ಮ ಕೆರೆಗಳ ದಡಕ್ಕೆ ಕಾಲಿಟ್ಟರೆ ಸ್ನಾನದ ನೀರಿನ ಹಾಗಿರುತ್ತದೆ. ಅಲ್ಲಿ ಟ್ರೌಟ್ ಹೇಗೆ ಬದುಕೀತು?

ತಮಾಷೆ ನೋಡಿ, ಮಾರಿಕಣಿವೆಯ ಅಣೆಕಟ್ಟೆ ಮುಗಿದ 1907ರಲ್ಲೇ ನೀಲಗಿರಿಯ ಅವಲಾಂಚಿಯಲ್ಲಿ ಟ್ರೌಟ್ ಮರಿ ಮಾಡುವ ಕೇಂದ್ರ ಶುರುವಾಯಿತು. ನಮಗೆ ಹತ್ತಿರದ ಟ್ರೌಟ್ ಎಂದರೆ ಆ ನೀಲಗಿರಿಯದು ಮತ್ತು ಮುನ್ನಾರಿನದು. ದೊಡ್ಡ ಹೊಳೆಗಳ ಟ್ರೌಟೇ ಬೇಕೆಂದರೆ ಕಾಶ್ಮೀರ, ಹಿಮಾಚಲ. ಎಲ್ಲಿಗೆ ಹೊರಟರೂ ಅಲ್ಲಿನ ಪರವಾನಗಿ ವಿಚಾರಿಸಿಕೊಂಡೇ ಬಸ್ ಹತ್ತಿ.

ಹಾಗೆಂದು ರಾಡನ್ನು ಅಟ್ಟಕ್ಕೆ ಹಾಕಬೇಡಿ. ಟ್ರೌಟ್ ಹಿಡಿಯುವವರ ಜಾಣತನ ರಾಡಿನಲ್ಲಿಲ್ಲ, ನೀರನ್ನು ಓದುವುದರಲ್ಲಿದೆ. ಆ ಪಾಠಕ್ಕೆ ಊಟಿಗೇ ಹೋಗಬೇಕೆಂದಿಲ್ಲ. ಹರಿಹರದಲ್ಲಿ ತುಂಗಭದ್ರೆ ಇಳಿದಾಗ ಬಂಡೆಗಳು ಎದ್ದು ಕಾಣುತ್ತವಲ್ಲ, ಅಲ್ಲಿ ಅರ್ಧ ಗಂಟೆ ಸುಮ್ಮನೆ ಕುಳಿತು ನೋಡಿ. ಬಂಡೆಯ ಹಿಂದೆ ಸೆಳೆತ ಕಡಿಮೆ. ಮೀನು ಅಲ್ಲಿ ತಲೆಯನ್ನು ಹರಿವಿಗೆ ಎದುರಾಗಿಟ್ಟು, ತೇಲಿಬರುವ ತಿಂಡಿಗೆ ಕಾಯುತ್ತದೆ. ಟ್ರೌಟ್ ಮಾಡುವುದೂ ಅದನ್ನೇ. ಅದಕ್ಕೇ ಹರಿವಿನ ಕೆಳಗಡೆಯಿಂದ, ಮೀನಿನ ಬೆನ್ನ ಹಿಂದಿನಿಂದ ಹೋಗಬೇಕು. ನಿಮ್ಮ ನೆರಳು ನೀರಿಗೆ ಬಿತ್ತೋ, ಕೆಲಸ ಕೆಟ್ಟಿತು.

ಕೆರೆಯಲ್ಲಿ ಹರಿವಿಲ್ಲ, ಗಾಳಿ ಇದೆ. ಒಂದು ಹಿಡಿ ಮಂಡಕ್ಕಿ ಚೆಲ್ಲಿ. (ದಾವಣಗೆರೆಯವರಿಗೆ ಮಂಡಕ್ಕಿ ಎಲ್ಲಿ ಸಿಗುತ್ತದೆಂದು ಹೇಳಬೇಕೆ!) ಅದು ತೇಲಿ ಹೋಗಿ ಎಲ್ಲಿ ಗುಂಪಾಗುತ್ತದೋ ಮೇಲ್ನೀರಿನ ತಿಂಡಿಯೆಲ್ಲ ಸೇರುವುದೂ ಅಲ್ಲೇ, ಬುಳಕ್ಕೆಂದು ಮೀನು ಏಳುವುದೂ ಅಲ್ಲೇ. ಆಷಾಢದ ಗಾಳಿ ಪಡುವಣದಿಂದ ಬೀಸುವಾಗ ಮೂಡಣ ದಡ ಹಿಡಿಯಿರಿ. ಎದುರುಗಾಳಿಗೆ ಎಸೆಯುವುದು ಕಷ್ಟ ಎಂದು ಹೊಸಬರೆಲ್ಲ ಆಚೆ ದಡಕ್ಕೆ ಹೋಗಿ ನಿಲ್ಲುತ್ತಾರೆ, ಮೀನು ಈಚೆ ಇರುತ್ತದೆ.

ಮೊದಲ ವರ್ಷ ಜಿಲೇಬಿ ಮೀನನ್ನು (ತಿಲಾಪಿಯಾ) ಗುರು ಮಾಡಿಕೊಳ್ಳಿ. 1952ರಲ್ಲಿ ಹೊರದೇಶದಿಂದ ಬಂದದ್ದು, ಈಗ ಕೆರೆ ಕೆರೆಯಲ್ಲೂ ಅದರದೇ ಸಂತೆ. ದಡದ ಹತ್ತಿರವೇ ಇರುತ್ತದೆ, ದಿನಕ್ಕೆ ಹತ್ತು ಸಲ ತಪ್ಪು ಮಾಡಲು ಬಿಡುತ್ತದೆ. ಫ್ಲೈ ರಾಡಿನಲ್ಲೂ ಬರುತ್ತದೆ, ಮುಳುಗುವ ಸಣ್ಣ ಫ್ಲೈಯನ್ನು ಅದರ ಮೂತಿಯ ಮುಂದೆ ನಿಧಾನ ಎಳೆದರೆ. ಆದರೆ ಮೊದಲು ಬೀಸುವುದನ್ನು ಕಲಿಯಿರಿ. ಕೊಕ್ಕೆಯ ಬದಲು ಉಣ್ಣೆಯ ತುಂಡು ಕಟ್ಟಿ ಕಾಲೇಜಿನ ಮೈದಾನದಲ್ಲಿ ಒಂದು ತಿಂಗಳು. ಜನ ನಗುತ್ತಾರೆ. ದನ ಕಾಯುವ ಅಜ್ಜನ ನಗು ತಡೆದುಕೊಂಡವರಿಗೆ ಇದೇನು ಮಹಾ.

ಪ್ರಶ್ನೆ: ಹತ್ತು ವರ್ಷದ ಮಗನ ಜೊತೆ ನಮ್ಮೂರ ಕೆರೆಯಲ್ಲಿ ಬಿದಿರಿನ ಗಾಳ ಹಾಕುತ್ತೇನೆ. ಎರೆಹುಳು ಖಾಲಿಯಾಗುತ್ತದೆ, ಮೀನು ಸಿಗುವುದಿಲ್ಲ. (ಚನ್ನಗಿರಿ ತಾಲ್ಲೂಕು)

ಉತ್ತರ: ನಿಮ್ಮ ಕೊಕ್ಕೆ ದೊಡ್ಡದು, ಪಂದ್ಯ ಕಟ್ಟುತ್ತೇನೆ. ಅಂಗಡಿಯವರು ಕೊಡುವ ಕೊಕ್ಕೆ ಸಣ್ಣ ಮೀನಿನ ಬಾಯೊಳಗೆ ಹೋಗುವುದೇ ಇಲ್ಲ. ನಂಬರ್ ಹೆಚ್ಚಾದಷ್ಟು ಕೊಕ್ಕೆ ಚಿಕ್ಕದು. 10 ಅಥವಾ 12 ಕೇಳಿ. ಎರೆಹುಳುವನ್ನು ಇಡೀ ಪೋಣಿಸಿ ಬಾಲ ಜೋತುಬಿಟ್ಟರೆ ಮೀನು ಬಾಲ ಕಚ್ಚಿಕೊಂಡು ಹೋಗುತ್ತದೆ. ಅರ್ಧ ಇಂಚಿನ ತುಂಡು ಸಾಕು.

ಇನ್ನು ಬೆಂಡು. ನಮ್ಮಜ್ಜ ಒಣಗಿದ ಜೋಳದ ದಂಟಿನ ಬೆಂಡು ಕಟ್ಟುತ್ತಿದ್ದರು, ಅದರ ಕೆಳಗೆ ಸೀಸದ ಗುಂಡು ಒಂದೊಂದೇ ಸೇರಿಸಿ, ತುದಿ ಮಾತ್ರ ನೀರ ಮೇಲೆ ಕಾಣುವ ತನಕ. ಇಡೀ ಬೆಂಡು ಆರಾಮಾಗಿ ತೇಲುತ್ತಿದ್ದರೆ, ಅದನ್ನು ಮುಳುಗಿಸುವಷ್ಟು ಎಳೆಯುವಾಗ ಮೀನಿಗೆ ಅನುಮಾನ ಬಂದು ಉಗಿದುಬಿಡುತ್ತದೆ. ಪುಟುಪುಟು ಕುಣಿಯುವಾಗ ಎಳೆಯಬೇಡಿ. ಒಂದು ಕಡೆ ಜಾರಿತೋ, ಅಥವಾ ಮುಳುಗಿತೋ, ಆಗ ಮಣಿಕಟ್ಟು ಮಾತ್ರ ಎತ್ತಿ. ಹೆಗಲಿನಿಂದ ಎಳೆದರೆ ಮೀನು ಜಾಲಿಗಿಡದಲ್ಲಿರುತ್ತದೆ.

ಗೆಂಡೆ ಜಾತಿಗೆ ಎರೆಹುಳುವಿಗಿಂತ ಹಿಟ್ಟು ಚೆನ್ನ. ಚಳ್ಳಕೆರೆ ಕಡೆಯ ಶೇಂಗಾ ಹಿಂಡಿ ನೆನೆಸಿ, ಗೋಧಿಹಿಟ್ಟು ಸೇರಿಸಿ ಚಪಾತಿಗಿಂತ ಗಟ್ಟಿಯಾಗಿ ನಾದಿ. ಕಾವೇರಿಯ ಬಿಳಿಮೀನಿಗೆ ರಾಗಿಮುದ್ದೆಯನ್ನೇ ಕೊಕ್ಕೆಗೆ ಕಟ್ಟುತ್ತಿದ್ದರು, ನೀವೂ ನೋಡಬಹುದು. ಕಾಟ್ಲಾ ಮೇಲ್ನೀರಿನಲ್ಲಿ ಮೇಯುತ್ತದೆ, ರೋಹು ನಡುವೆ, ಮೃಗಾಲ್ ತಳದಲ್ಲಿ. ಬೆಂಡಿನಿಂದ ಕೊಕ್ಕೆಗಿರುವ ದಾರದ ಉದ್ದ ಅದಕ್ಕೆ ತಕ್ಕಂತಿರಲಿ.

ಮಗನಿಗೆ ಎರಡು ಮಾತು ಹೇಳಿ. ಚೇಳುಮೀನನ್ನು ಬರಿಗೈಯಲ್ಲಿ ಮುಟ್ಟುವುದಲ್ಲ. ಅದರ ಮುಳ್ಳು ಚುಚ್ಚಿದರೆ ಕೈಯನ್ನು ತಡೆಯುವಷ್ಟು ಬಿಸಿನೀರಿನಲ್ಲಿ ಇಟ್ಟುಕೊಂಡು ಆಸ್ಪತ್ರೆಗೆ ಹೋಗಬೇಕು. ಮತ್ತೆ, ಕೆರೆಯಲ್ಲಿ ಕೆಂಪು ಮರಿಗಳ ಗುಂಪು ಉಂಡೆಯಾಗಿ ತೇಲುತ್ತಿದ್ದರೆ ಕೆಳಗೆ ಕೊರವ ಮೀನು ಕಾವಲಿದೆ ಎಂದರ್ಥ. ಅಲ್ಲಿ ಏನು ಎಸೆದರೂ ಅದು ಸಿಟ್ಟಿಗೆ ಬಂದು ಕಚ್ಚುತ್ತದೆ, ಸುಲಭವಾಗಿ ಸಿಗುತ್ತದೆ. ಹಿಡಿಯಬಾರದು. ಅದು ಹೋದರೆ ಆ ಮರಿಗಳು ಸಂಜೆಯೊಳಗೆ ಬೇರೆ ಮೀನಿನ ಹೊಟ್ಟೆಯಲ್ಲಿ.

ಪ್ರಶ್ನೆ: ಸೂಳೆಕೆರೆಯಲ್ಲಿ ಗಾಳ ಹಾಕಲು ಯಾರನ್ನಾದರೂ ಕೇಳಬೇಕೇ?

ಉತ್ತರ: ಕೇಳಬೇಕು. ‘ಹೊಳೆ ನೀರಿಗೆ ದೊಣ್ಣೆ ನಾಯಕನ ಅಪ್ಪಣೆ ಬೇಕೆ’ ಎನ್ನುವ ಗಾದೆ ನೀರಿಗೆ ಸರಿ, ಮೀನಿಗಲ್ಲ. ಕೆರೆಗಳ ಮೀನು ಹಿಡಿಯುವ ಹಕ್ಕನ್ನು ಮೀನುಗಾರರ ಸಹಕಾರ ಸಂಘಗಳಿಗೋ ಗುತ್ತಿಗೆದಾರರಿಗೋ ಕೊಟ್ಟಿರುತ್ತಾರೆ, ಮರಿ ಬಿಟ್ಟು ಸಾಕಿರುವವರೂ ಅವರೇ. ಮೀನುಗಾರಿಕೆ ಇಲಾಖೆಯ ತಾಲ್ಲೂಕು ಕಚೇರಿಯಲ್ಲಿ ವಿಚಾರಿಸಿ, ಆಮೇಲೆ ಸಂಘದವರನ್ನೂ ಮಾತಾಡಿಸಿ. ಬಲೆ ಎಳೆಯುವ ದಿನ ಯಾವುದೆಂದು ಆಗಲೇ ಕೇಳಿಕೊಳ್ಳಿ. ಆ ದಿನವೂ ಮರುದಿನವೂ ಗಾಳ ಹಿಡಿದು ಹೋದರೆ ಬಿಸಿಲು ಕಾಯಿಸಿಕೊಂಡು ಬರುತ್ತೀರಿ, ಅಷ್ಟೇ.