ಹೂಮಳೆ ಬಿದ್ದ ಮೇಲೆ ಸ್ಕೂಟರ್ ಸವಾರಿ

ಓದುಗರ ಗಾಡಿ ಪ್ರಶ್ನೆಗಳಿಗೆ ಉತ್ತರ

ಪ್ರಶ್ನೆ: ನಮ್ಮ ಸ್ಕೂಟರ್ ಬಳಗದಲ್ಲಿ 18 ಗಾಡಿಗಳಿವೆ. ಏಳು ಹಳೆಯ ಗೇರ್ ಸ್ಕೂಟರ್, ಉಳಿದವು ಆಕ್ಟಿವಾ, ಜುಪಿಟರ್ ಥರದವು. ಮಾರ್ಚ್‌ನಲ್ಲಿ ವರ್ಷದ ಮೊದಲ ಸವಾರಿ ಹೊರಡಬೇಕೆಂದಿದ್ದೇವೆ. ಒಂದೇ ದಿನದಲ್ಲಿ ಮಾಂದಲ್‌ಪಟ್ಟಿ, ತಲಕಾವೇರಿ ಎರಡನ್ನೂ ಮುಗಿಸಬಹುದೇ? ಯಾವ ಭಾನುವಾರ ಒಳ್ಳೆಯದು?
– ಮಡಿಕೇರಿಯ ಬಳಗವೊಂದರ ಪರವಾಗಿ

ಉತ್ತರ: ಮಾಂದಲ್‌ಪಟ್ಟಿಯನ್ನು ಪಟ್ಟಿಯಿಂದಲೇ ತೆಗೆದುಬಿಡಿ. ಅದು ಜೀಪಿನ ದಾರಿ. ಸ್ಕೂಟರಿನ ಸಣ್ಣ ಗಾಲಿಗೆ ಅಲ್ಲಿನ ಕಲ್ಲು, ಕೊರಕಲು ಹೇಳಿಸಿದ್ದಲ್ಲ. ತಲಕಾವೇರಿ ಚೆನ್ನ, ಆದರೆ ಎರಡನೆಯ ಸವಾರಿಗೆ ಇಟ್ಟುಕೊಳ್ಳಿ. ಹೋಗಿ ಬರಲು ಸುಮಾರು 90 ಕಿ.ಮೀ. ಆಗುತ್ತದೆ, ಭಾಗಮಂಡಲದಿಂದ ಮೇಲಿನ 8 ಕಿ.ಮೀ. ಏರುದಾರಿ. ತಿಂಗಳುಗಟ್ಟಲೆ ನಿಂತಿದ್ದ ಗಾಡಿ ಮೊದಲ ದಿನವೇ ಆ ಏರು ಹತ್ತಿ, ಅದೇ ಇಳಿಜಾರನ್ನು ಇಳಿಯುವುದು ಬೇಡ.

ನಮ್ಮ ಸಲಹೆ: ಮಡಿಕೇರಿ, ಮೂರ್ನಾಡು, ವಿರಾಜಪೇಟೆ, ಅಮ್ಮತ್ತಿ, ಸಿದ್ದಾಪುರ, ನೆಲ್ಯಹುದಿಕೇರಿ, ಚೆಟ್ಟಳ್ಳಿ, ಮತ್ತೆ ಮಡಿಕೇರಿ. ಒಂದು ಸುತ್ತು ಸುಮಾರು 80 ಕಿ.ಮೀ. ಎಲ್ಲಿ ಗಾಡಿ ಕೆಟ್ಟರೂ ಹತ್ತಿರದಲ್ಲೇ ಒಂದು ಪೇಟೆ, ಒಬ್ಬ ಮೆಕ್ಯಾನಿಕ್ ಸಿಗುತ್ತಾರೆ. ಮೊದಲ ಸವಾರಿಗೆ ನೋಟಕ್ಕಿಂತ ಇದು ಮುಖ್ಯ.

ಸುತ್ತನ್ನು ಇದೇ ದಿಕ್ಕಿನಲ್ಲಿ ಹೋಗಿ, ತಿರುಗಿಸಬೇಡಿ. ಮೇಕೇರಿ ಕಡೆಯ ಇಳಿಜಾರು ಬೆಳಿಗ್ಗೆ, ಸವಾರರು ಚುರುಕಾಗಿರುವಾಗಲೇ ಮುಗಿಯುತ್ತದೆ. ದಣಿದ ಮೇಲೆ ಉಳಿಯುವುದು ಚೆಟ್ಟಳ್ಳಿಯಿಂದ ಮೇಲಿನ ಏರು. ದಣಿದವನಿಗೆ ಇಳಿಯುವುದಕ್ಕಿಂತ ಹತ್ತುವುದು ಸುಲಭ. ಇನ್ನೊಂದು ಕಾರಣ ಆನೆ. ಸಿದ್ದಾಪುರ, ನೆಲ್ಯಹುದಿಕೇರಿ ಸುತ್ತಿನ ತೋಟಗಳಲ್ಲಿ ಅವು ಮುಂಜಾನೆ, ಮುಸ್ಸಂಜೆ ರಸ್ತೆ ದಾಟುತ್ತವೆ. ಈ ದಿಕ್ಕಿನಲ್ಲಿ ಹೋದರೆ ನೀವು ಅಲ್ಲಿಗೆ ತಲುಪುವುದು ನಡುಹಗಲು. ಹಾಗಿದ್ದೂ ಎದುರಾದರೆ ದೂರದಲ್ಲೇ ನಿಲ್ಲಿಸಿ ಗಾಡಿ ತಿರುಗಿಸಿಕೊಳ್ಳಿ. ಹಾರನ್ ಬೇಡ, ಫೋಟೊ ಬೇಡ.

ಲೆಕ್ಕ ಹೀಗೆ: ಗುಂಪಾಗಿ ಹೋಗುವಾಗ ಗಂಟೆಗೆ ಸರಾಸರಿ 25 ಕಿ.ಮೀ.ಗಿಂತ ಹೆಚ್ಚು ಹಿಡಿಯಬೇಡಿ. ಎಂಟೂವರೆಗೆ ಹೊರಟರೆ ಹತ್ತರ ಸುಮಾರಿಗೆ ವಿರಾಜಪೇಟೆ, ಅರ್ಧ ಗಂಟೆ ಕಾಫಿ, ಹನ್ನೊಂದೂವರೆಗೆ ಸಿದ್ದಾಪುರ. ಕಾವೇರಿ ಸೇತುವೆ ದಾಟಿ ಊಟ, ಒಂದೂವರೆಗೆ ಏಳಿ, ಮೂರಕ್ಕೆ ಮಡಿಕೇರಿ. ಅದಕ್ಕಿಂತ ತಡವಾದರೆ ರಾಜಾಸೀಟಿಗೆ ಬರುವ ಭಾನುವಾರದ ಕಾರುಗಳ ಸಾಲಿನಲ್ಲಿ ಸಿಕ್ಕಿಕೊಳ್ಳುತ್ತೀರಿ. ಊಟಕ್ಕೆ ಕಡಂಬಿಟ್ಟು, ಪಂದಿ ಕರಿ ಎಂದು ಹೊಟ್ಟೆ ಬಿರಿಯ ಹೊಡೆದರೆ ಚೆಟ್ಟಳ್ಳಿ ತಿರುವುಗಳಲ್ಲಿ ಕಣ್ಣು ಎಳೆಯುತ್ತದೆ. ಅದನ್ನು ಸವಾರಿ ಮುಗಿದ ಮೇಲಿನ ರಾತ್ರಿಗೆ ಇಟ್ಟುಕೊಳ್ಳುವುದು ಜಾಣತನ.

ಕಾಫಿ ಹೂ ನೋಡುತ್ತಾ ಹೋಗಬೇಕಿದ್ದರೆ ದಿನಾಂಕವನ್ನು ಕ್ಯಾಲೆಂಡರ್ ನೋಡಿ ನಿಗದಿ ಮಾಡಬೇಡಿ, ತೋಟದವರನ್ನು ಕೇಳಿ. ಹೂಮಳೆ, ಅಂದರೆ ಕಾಫಿ ಮೊಗ್ಗು ಅರಳಿಸುವ ಬೇಸಿಗೆ ಮಳೆ, ಬಿದ್ದು ಏಳರಿಂದ ಹತ್ತು ದಿನಕ್ಕೆ ಕಾಫಿ ಅರಳುತ್ತದೆ, ಎರಡು ಮೂರು ದಿನ ಬೆಳ್ಳಗೆ ನಿಂತು ಕಂದುತ್ತದೆ. ಅಮ್ಮತ್ತಿ, ಸಿದ್ದಾಪುರದ ಕಡೆ ರೋಬಸ್ಟಾ ಕಾಫಿ ಹೆಚ್ಚು. ಸ್ಪ್ರಿಂಕ್ಲರ್ ಹೊಡೆದ ತೋಟ ಮಳೆಗೆ ಕಾಯುವುದಿಲ್ಲ, ಹಾಗಾಗಿ ಒಂದು ತೋಟ ಅರಳಿದಾಗ ಪಕ್ಕದ್ದು ಇನ್ನೂ ಮೊಗ್ಗು. ಅಕ್ಕಪಕ್ಕದ ಎರಡು ಭಾನುವಾರ ಗುರುತು ಹಾಕಿಟ್ಟು, ಮಳೆ ಬಿದ್ದ ವಾರ ಒಂದನ್ನು ಆರಿಸಿ. ಅರಳಿದ ತೋಟದೊಳಗೆ ಕೇಳದೆ ನುಗ್ಗಬೇಡಿ. ಜೇನುಹುಳು ಕೆಲಸ ಮಾಡುವ ಹೊತ್ತು ಅದು. ರೋಬಸ್ಟಾಕ್ಕೆ ಬೇರೆ ಗಿಡದ ಪರಾಗ ಬಾರದೆ ಕಾಯಿ ಕಚ್ಚುವುದಿಲ್ಲ.

ಪ್ರಶ್ನೆ: ದೊಡ್ಡಪ್ಪನ ಕಾಲದ ಟೂ-ಸ್ಟ್ರೋಕ್ ಚೇತಕ್ ಜೂನ್‌ನಿಂದ ಕೊಟ್ಟಿಗೆಯಲ್ಲೇ ಇದೆ. ಕಿಕ್ ಹೊಡೆದರೆ ಒಮ್ಮೊಮ್ಮೆ ಹಿಡಿಯುತ್ತದೆ, ಚೋಕ್ ತೆಗೆದ ಕೂಡಲೇ ನಿಲ್ಲುತ್ತದೆ. ಸವಾರಿಗೆ ಎರಡು ವಾರವಿದೆ.
– ಮೂರ್ನಾಡಿನ ಓದುಗ

ಉತ್ತರ: ಚೋಕ್ ಹಾಕಿದಾಗ ಓಡಿ, ತೆಗೆದಾಗ ನಿಲ್ಲುವ ಗಾಡಿಗೆ ಪೆಟ್ರೋಲ್ ಸಾಲುತ್ತಿಲ್ಲ ಎಂದರ್ಥ. ಹೆಚ್ಚಾಗಿ ಕಾರ್ಬೊರೇಟರಿನ ಜೆಟ್, ಅಂದರೆ ಪೆಟ್ರೋಲ್ ಹಾಯುವ ಸಣ್ಣ ತೂತಿನ ಬಿಡಿಭಾಗ, ಕಟ್ಟಿರುತ್ತದೆ. ಟ್ಯಾಂಕಿನಲ್ಲಿರುವ ಹಳೆಯ ಪೆಟ್ರೋಲನ್ನು ಪೂರ್ತಿ ಇಳಿಸಿ. ಈಗಿನ ಪೆಟ್ರೋಲಿನಲ್ಲಿ ಎಥನಾಲ್ ಇದೆ, ಅದು ನೀರಿನ ಪಸೆ ಎಳೆದುಕೊಳ್ಳುತ್ತದೆ. ಕೊಡಗಿನ ಮಳೆಗಾಲದಲ್ಲಿ ಅರ್ಧ ಖಾಲಿ ಟ್ಯಾಂಕ್ ಇಟ್ಟರೆ ನೀರು ಬೇರೆಯಾಗಿ ತಳಕ್ಕೆ ಕೂರುತ್ತದೆ. ಇಳಿಸಿದ್ದನ್ನು ಗಾಜಿನ ಬಾಟಲಿಯಲ್ಲಿ ಹಿಡಿದು ಹತ್ತು ನಿಮಿಷ ಬಿಡಿ, ಅಡಿಯಲ್ಲಿ ಬೇರೆ ಪದರ ಕಂಡರೆ ಅನುಮಾನವೇ ಬೇಡ. ಜೆಟ್ಟನ್ನು ಬಿಚ್ಚಿ ಪೆಟ್ರೋಲಿನಲ್ಲಿ ನೆನೆಸಿ ಗಾಳಿ ಊದಿಸಿ. ತಂತಿ ತುರುಕಬೇಡಿ, ತೂತು ಕೂದಲೆಳೆಯಷ್ಟು ದೊಡ್ಡದಾದರೂ ಲೆಕ್ಕ ಕೆಡುತ್ತದೆ. ಫ್ಲೋಟ್ ಬಟ್ಟಲಿನ ಮಡ್ಡಿ ಒರೆಸಿ, ಪೆಟ್ರೋಲ್ ಪೈಪ್ ಬಿರುಕು ಬಿಟ್ಟಿದ್ದರೆ ಬದಲಿಸಿ.

ಆಮೇಲೆ ಪ್ಲಗ್. ಗ್ಯಾಪ್ 0.6 ಮಿ.ಮೀ. ಇರಲಿ. ಹತ್ತು ಕಿ.ಮೀ. ಓಡಿಸಿ, ನಿಲ್ಲಿಸಿ, ತಣಿದ ಮೇಲೆ ಬಿಚ್ಚಿ ನೋಡಿ. ತುದಿ ಹಾಲು ಹೆಚ್ಚಾದ ಕಾಫಿಯ ಬಣ್ಣದಲ್ಲಿದ್ದರೆ ಸರಿ. ಒದ್ದೆ ಕಪ್ಪಾಗಿದ್ದರೆ ಪೆಟ್ರೋಲಿಗೆ ಬೆರೆಸಿದ ಆಯಿಲ್ ಹೆಚ್ಚು, ಅಥವಾ ಚೋಕ್ ಪೂರ್ತಿ ಹಿಂದಕ್ಕೆ ಹೋಗುತ್ತಿಲ್ಲ. ಬೆಳ್ಳಗೆ ಸುಣ್ಣದಂತಿದ್ದರೆ ಹುಷಾರು. ಎಲ್ಲೋ ಗಾಳಿ ಎಳೆಯುತ್ತಿದೆ, ಏರಿನಲ್ಲಿ ಪಿಸ್ಟನ್ ಬಿಸಿಗೆ ಕಚ್ಚಿಕೊಂಡು ನಿಲ್ಲುತ್ತದೆ. ಅಂಥ ಗಾಡಿಯನ್ನು ಸರಿ ಮಾಡಿಸದೆ ಸವಾರಿಗೆ ತರಬೇಡಿ.

ಬ್ರೇಕ್ ಡ್ರಮ್ ಎರಡನ್ನೂ ಬಿಚ್ಚಿಸಿ. ಒಳಗೆ ತುಕ್ಕಿನ ಪುಡಿ ಇದ್ದೇ ಇರುತ್ತದೆ. ಉಪ್ಪುಕಾಗದದಿಂದ ಡ್ರಮ್ಮನ್ನೂ ಲೈನರ್ ಮೇಲಿನ ಹೊಳಪನ್ನೂ ತೆಗೆಯಿರಿ, ಬ್ರೇಕ್ ಶೂ ಅಗಲಿಸುವ ಕ್ಯಾಮ್‌ಗೆ ಚಿಟಿಕೆಯಷ್ಟು ಗ್ರೀಸ್ ಸಾಕು. ಹೆಚ್ಚಾದರೆ ಬಿಸಿಗೆ ಕರಗಿ ಲೈನರ್‌ಗೆ ಇಳಿಯುತ್ತದೆ. ಗೇರ್ ಬಾಕ್ಸ್ ಆಯಿಲ್ ಇಳಿಸಿ ಹೊಸದು ಹಾಕಿ. ಹಾಲು ಬೆರೆಸಿದಂತೆ ಬಿಳಿಯಾಗಿ ಬಂದರೆ ನೀರು ಸೇರಿದೆ. ಕ್ಲಚ್ ಮತ್ತು ಎರಡೂ ಗೇರ್ ಕೇಬಲ್‌ಗಳನ್ನು ಹ್ಯಾಂಡಲ್ ತುದಿಯಲ್ಲಿ ಬೆರಳಿಟ್ಟು ಸವರಿ ನೋಡಿ. ಒಂದು ಎಳೆ ಚುಚ್ಚಿದರೂ ಬದಲಿಸಿ. ಅದು ತುಂಡಾಗುವುದು ಯಾವಾಗಲೂ ಏರಿನ ನಡುವೆ, ಎರಡನೇ ಗೇರಿಗೆ ಹಾಕುವಾಗಲೇ.

ಎಲ್ಲ ಆದ ಮೇಲೆ ಹಿಂದಿನ ಭಾನುವಾರವೇ 30 ಕಿ.ಮೀ. ಓಡಿಸಿ. ಸವಾರಿಯ ಹಿಂದಿನ ರಾತ್ರಿ ರಿಪೇರಿ ಮಾಡಿಸಿದ ಗಾಡಿಯನ್ನು ಗುಂಪಿಗೆ ಸೇರಿಸಿಕೊಳ್ಳಬೇಡಿ ಎಂದು ಬಳಗದವರಿಗೂ ಹೇಳುತ್ತೇವೆ.

ಪ್ರಶ್ನೆ: ಟೂ-ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಬೆರೆಸುವ 2ಟಿ ಆಯಿಲ್ ಎಷ್ಟು? ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.
– ಗೋಣಿಕೊಪ್ಪಲು

ಉತ್ತರ: ಓಡಿ ಪಳಗಿದ ಎಂಜಿನ್‌ಗೆ ಲೀಟರಿಗೆ 20 ಮಿ.ಲೀ. ಹೊಸದಾಗಿ ಬೋರ್ ಮಾಡಿಸಿದ್ದರೆ ಅದನ್ನು ಹೆಚ್ಚಿಸಬೇಕು, ಎಷ್ಟೆಂದು ಬೋರ್ ಮಾಡಿದವರನ್ನೇ ಕೇಳಿ. 80 ಕಿ.ಮೀ. ಸುತ್ತಿಗೆ ಏರಿಳಿತ ಸೇರಿಸಿ 4 ಲೀಟರ್ ತುಂಬಿಸಿ, ಅಂದರೆ 80 ಮಿ.ಲೀ. ಆಯಿಲ್. ಎಷ್ಟೋ ಬಂಕುಗಳಲ್ಲಿ ಈಗ 2ಟಿ ಸಿಗುವುದಿಲ್ಲ. ಕೆಮ್ಮಿನ ಸಿರಪ್ಪಿನ ಅಳತೆ ಮುಚ್ಚಳದ ಜೊತೆ ಒಂದು ಬಾಟಲಿ ಇಟ್ಟುಕೊಳ್ಳಿ. ಆಯಿಲ್ ಮೊದಲು, ಪೆಟ್ರೋಲ್ ಮೇಲೆ, ಆಮೇಲೆ ಗಾಡಿಯನ್ನು ಅಲುಗಾಡಿಸಿ. ಮತ್ತೆ, ಆಕ್ಟಿವಾ ಥರದ ಫೋರ್-ಸ್ಟ್ರೋಕ್ ಗಾಡಿಯ ಪೆಟ್ರೋಲಿಗೆ ಇದನ್ನು ಹಾಕುವ ಉಪಕಾರ ಬೇಡ.

ಪ್ರಶ್ನೆ: ಇಳಿಜಾರಿನಲ್ಲಿ ಬ್ರೇಕ್ ಸುಟ್ಟ ವಾಸನೆ ಬರುತ್ತದೆ, ಲಿವರ್ ಮೆತ್ತಗಾಗುತ್ತದೆ. ಹಿಂದೆ ಮನೆಯವರು ಕೂತಿರುತ್ತಾರೆ, ಭಯವಾಗುತ್ತದೆ. ನನ್ನದು ಆಕ್ಟಿವಾ. ತಮ್ಮನದು ಹಳೆಯ ಎಲ್‌ಎಂಎಲ್ ವೆಸ್ಪಾ.
– ಸಂಪಾಜೆ

ಉತ್ತರ: ಭಯವೇ ಸರಿ. ಒಂದೇ ಸಮ ಬ್ರೇಕ್ ಹಿಡಿದುಕೊಂಡು ಇಳಿದರೆ ಡ್ರಮ್ ಕಾಯುತ್ತದೆ, ಲೈನರ್‌ನ ಹಿಡಿತ ಹೋಗುತ್ತದೆ. ವಾಸನೆ ಬಂದಾಗಲೇ ನಿಲ್ಲಿಸಿ ಹದಿನೈದು ನಿಮಿಷ ತಣಿಯಲು ಬಿಡಿ. ಬಿಸಿ ಡ್ರಮ್ಮಿಗೆ ನೀರು ಹೊಯ್ಯಬೇಡಿ.

ಎರಡು ಗಾಡಿಗೂ ಮದ್ದು ಒಂದೇ ಅಲ್ಲ. ಗೇರ್ ಇಲ್ಲದ ಗಾಡಿಯಲ್ಲಿ ಅಕ್ಸಿಲರೇಟರ್ ಬಿಟ್ಟಾಗ ಎಂಜಿನ್ ಗಾಡಿಯನ್ನು ಸ್ವಲ್ಪ ತಡೆಯುತ್ತದೆ. ವೇಗ ತೀರಾ ಇಳಿದರೆ ಒಳಗಿನ ಕ್ಲಚ್ ಬಿಟ್ಟುಕೊಂಡು ಅದೂ ಇಲ್ಲ, ಗಾಡಿ ಸೈಕಲ್ಲಿನಂತೆ ಉರುಳುತ್ತದೆ. ಅದಕ್ಕೇ ನಡೆಯುವ ವೇಗಕ್ಕೆ ಇಳಿಸಿ ಬ್ರೇಕ್ ಸವರುತ್ತಾ ಹೋಗುವುದು ಎಲ್ಲಕ್ಕಿಂತ ಕೆಟ್ಟ ಪದ್ಧತಿ. 25ರ ಆಸುಪಾಸಿನಲ್ಲಿ ಇಳಿಯಿರಿ. ತಿರುವಿಗೆ ಮೊದಲು, ಗಾಡಿ ನೆಟ್ಟಗಿರುವಾಗ ಎರಡೂ ಬ್ರೇಕನ್ನು ಗಟ್ಟಿಯಾಗಿ ಹಿಡಿದು ಬಿಡಿ. ಮತ್ತೆ ಹಿಡಿಯುವ ತನಕ ಡ್ರಮ್ಮಿಗೆ ಗಾಳಿ ಸಿಗಲಿ. ಇಬ್ಬರು ಕೂತಾಗ ಹಿಂದಿನ ಟಯರಿಗೆ ಗಾಳಿ 36 ಪಿಎಸ್‌ಐ, ಒಬ್ಬರೇ ಆದರೆ 29, ಮುಂದಕ್ಕೆ 22. ಟಯರ್ ತಣ್ಣಗಿರುವಾಗಲೇ ನೋಡಿ.

ತಮ್ಮನ ವೆಸ್ಪಾ ಯಾವ ಗೇರಿನಲ್ಲಿ ಹತ್ತುತ್ತದೋ ಅದೇ ಗೇರಿನಲ್ಲಿ ಇಳಿಯಬೇಕು. ಕ್ಲಚ್ ಹಿಡಿದು ಉರುಳಿಸುವುದು ಪೆಟ್ರೋಲ್ ಉಳಿತಾಯವಲ್ಲ. ಆದರೆ ಟೂ-ಸ್ಟ್ರೋಕ್‌ನಲ್ಲಿ ಇನ್ನೊಂದು ಸೂಕ್ಷ್ಮವಿದೆ. ಆ ಎಂಜಿನ್‌ಗೆ ಆಯಿಲ್ ಬರುವುದು ಪೆಟ್ರೋಲಿನ ಜೊತೆ. ಅಕ್ಸಿಲರೇಟರ್ ಮುಚ್ಚಿ ಎರಡನೇ ಗೇರಿನಲ್ಲಿ ಕೂಗಿಸುತ್ತಾ ಎರಡು ಮೂರು ಕಿ.ಮೀ. ಇಳಿದರೆ ಪಿಸ್ಟನ್ ಒಣಗುತ್ತದೆ. ಅರ್ಧ ನಿಮಿಷಕ್ಕೊಮ್ಮೆ ಕ್ಲಚ್ ಹಿಡಿದು ಅಕ್ಸಿಲರೇಟರನ್ನು ಒಂದು ಸಲ ತಿರುಗಿಸಿ ಬಿಡಿ, ಅಷ್ಟು ಸಾಕು. ಹಾಗಿದ್ದೂ ಎಂಜಿನ್ ಕಚ್ಚಿಕೊಂಡು ಹಿಂದಿನ ಗಾಲಿ ಎಳೆದಂತಾದರೆ ಆ ಕ್ಷಣವೇ ಕ್ಲಚ್ ಹಿಡಿಯಿರಿ. ಬದಿಗೆ ನಿಲ್ಲಿಸಿ, ಅರ್ಧ ಗಂಟೆ ತಣಿಯಲಿ. ಪ್ಲಗ್ ಬಿಚ್ಚಿ ಒಂದು ಚಮಚ 2ಟಿ ಹಾಕಿ, ಕಿಕ್ಕರನ್ನು ಕೈಯಲ್ಲಿ ಮೆಲ್ಲಗೆ ಒತ್ತಿ. ಬಿಟ್ಟುಕೊಂಡರೆ ಮನೆಯ ತನಕ ಮೆಲ್ಲಗೆ ಹೋಗಬಹುದು. ಇಲ್ಲದಿದ್ದರೆ ಪಿಕಪ್ ಕರೆಸಿ.

ಪ್ರಶ್ನೆ: ಹದಿನೈದಿಪ್ಪತ್ತು ಗಾಡಿ ಒಟ್ಟಿಗೆ ಹೋದಾಗ ಅರ್ಧ ಜನ ದಾರಿ ತಪ್ಪುತ್ತಾರೆ. ಫೋನ್ ಸಿಗ್ನಲ್ ಇರುವುದಿಲ್ಲ. ಏನು ಮಾಡುವುದು?
– ಸೋಮವಾರಪೇಟೆ

ಉತ್ತರ: ಒಟ್ಟಿಗೆ ಹೋಗಬೇಡಿ. ಆರಾರು ಗಾಡಿಯ ಗುಂಪು ಮಾಡಿ, ಐದು ನಿಮಿಷ ಅಂತರದಲ್ಲಿ ಬಿಡಿ. ಹದಿನೆಂಟು ಸ್ಕೂಟರ್ ಒಂದೇ ಸಾಲಾದರೆ ಹಿಂದಿನ ಬಸ್ಸಿನವನಿಗೆ ದಾಟಲು ಜಾಗವೇ ಇರುವುದಿಲ್ಲ. ತಿರುವಿನಲ್ಲಿ ನುಗ್ಗುತ್ತಾನೆ.

ಪ್ರತಿ ಗುಂಪಿನಲ್ಲೂ ಮುಂದೆ ದಾರಿ ಬಲ್ಲವರು. ಅವರ ಬೆನ್ನಿಗೇ ಎಲ್ಲಕ್ಕಿಂತ ನಿಧಾನದ ಗಾಡಿ. ಹಿಂದೆ ಹಾಕಿದರೆ ಅದು ಉಳಿದವರನ್ನು ಹಿಡಿಯಲು ಹೋಗಿ ಕೆಡುತ್ತದೆ. ಮುಂದಿದ್ದರೆ ಗುಂಪೇ ಅದರ ವೇಗಕ್ಕೆ ಹೊಂದಿಕೊಳ್ಳುತ್ತದೆ. ಕೊನೆಗೆ ರಿಪೇರಿ ಬಲ್ಲವರು, ಅವರನ್ನು ಯಾರೂ ಹಿಂದೆ ಬಿಡುವಂತಿಲ್ಲ. ಕವಲು ದಾರಿ ಬಂದಾಗ ಮುಂದಾಳು ಕೈ ತೋರಿಸಿದವರು ಅಲ್ಲೇ ಬದಿಗೆ ನಿಂತು ಉಳಿದವರಿಗೆ ದಾರಿ ತೋರಿಸಬೇಕು, ಕೊನೆಯವರ ಮುಂದೆ ಮತ್ತೆ ಸೇರಿಕೊಳ್ಳಬೇಕು. ಇದಕ್ಕೆ ಸಿಗ್ನಲ್ ಬೇಕಿಲ್ಲ. ನಿಯಮ ಒಂದೇ: ನಿಂತವರು ಕೊನೆಯವರು ಕಾಣುವ ತನಕ ಕದಲಬಾರದು, ಕಾಫಿ ಕರೆದರೂ.

ನೇರ ರಸ್ತೆಯಲ್ಲಿ ಎರಡು ಸೆಕೆಂಡ್ ಅಂತರ, ತಿರುವಿನಲ್ಲಿ ಇನ್ನೂ ಹೆಚ್ಚು, ಒಬ್ಬರ ಹಿಂದೆ ಒಬ್ಬರು. ಅಕ್ಕಪಕ್ಕ ಹೋಗುತ್ತಾ ಮಾತು ಬೇಡ. ಎಡದ ಅಂಚಿಗೆ ತೀರಾ ಒತ್ತಬೇಡಿ. ಟಾರು ಮುಗಿದಲ್ಲಿ ಗೇಣುದ್ದ ತಗ್ಗಿರುತ್ತದೆ, ಸಣ್ಣ ಗಾಲಿ ಇಳಿದರೆ ಹತ್ತುವುದಿಲ್ಲ. ಕೂಟ ಸೇರಿದಾಗಲೇ ಎಲ್ಲರ ಲೈಸೆನ್ಸ್, ಆರ್‌ಸಿ, ಇನ್ಶೂರೆನ್ಸ್, ಹೊಗೆ ಸರ್ಟಿಫಿಕೇಟ್ ನೋಡಿಕೊಳ್ಳಿ. 15 ವರ್ಷ ದಾಟಿದ ಗಾಡಿಯ ಆರ್‌ಸಿ ನವೀಕರಣವಾಗಿರಬೇಕು. ಹಳೆಯ ಸ್ಕೂಟರಿನವರು ಮರೆಯುವುದು ಇದನ್ನೇ. ಹಿಂದೆ ಕೂತವರಿಗೂ ಐಎಸ್‌ಐ ಹೆಲ್ಮೆಟ್.

ಪ್ರಶ್ನೆ: ಹಳೆಯ ಸ್ಕೂಟರಿಗೆ ಏನೇನು ಸಾಮಾನು ಒಯ್ಯಬೇಕು?
– ಕುಶಾಲನಗರ

ಉತ್ತರ: ಎರಡು ಪ್ಲಗ್, ಪ್ಲಗ್ ಸ್ಪ್ಯಾನರ್, ಕ್ಲಚ್ ಮತ್ತು ಗೇರ್ ಕೇಬಲ್ ಒಂದೊಂದು, ಅವುಗಳ ನಿಪ್ಪಲ್, ಕಟಿಂಗ್ ಪ್ಲೇಯರ್, ಸ್ಕ್ರೂಡ್ರೈವರ್, 13ರ ಸ್ಪ್ಯಾನರ್, ಉಪ್ಪುಕಾಗದದ ತುಂಡು, ಒಂದಡಿ ಪೆಟ್ರೋಲ್ ಪೈಪ್. ಸ್ಟೆಪ್ನಿಯ ಗಾಳಿ ಮೊದಲೇ ನೋಡಿ, ಪಂಕ್ಚರ್ ಆದ ದಿನ ಅದೂ ಚಪ್ಪಟೆಯಾಗಿರುತ್ತದೆ. ಗಾಲಿ ಬದಲಿಸಲು ಗಾಡಿಯನ್ನು ಓರೆ ಮಾಡುವ ಮೊದಲು ಪೆಟ್ರೋಲ್ ಕಾಕ್ ಮುಚ್ಚಿ. ಗಾಲಿಯನ್ನು ಡ್ರಮ್ಮಿಗೆ ಹಿಡಿದಿರುವ ನಟ್ ಬೇರೆ, ರಿಮ್ಮಿನ ಎರಡು ಹೋಳು ಕೂಡಿಸುವ ನಟ್ ಬೇರೆ. ಟ್ಯೂಬಿನಲ್ಲಿ ಗಾಳಿ ಇರುವಾಗ ಎರಡನೆಯದನ್ನು ಸಡಿಲಿಸಿದರೆ ರಿಮ್ ಸಿಡಿದು ಮುಖಕ್ಕೆ ಬರುತ್ತದೆ. ಟ್ಯೂಬ್‌ಲೆಸ್ ಗಾಡಿಯವರು ರಬ್ಬರ್ ಬತ್ತಿಯ ಕಿಟ್, ಕಾಲಿನ ಪಂಪ್ ತಂದರೆ ಗುಂಪಿಗೆ ಒಂದು ಸಾಕು.

ಪ್ರಶ್ನೆ: ಸವಾರಿ ನಡುವೆ ಮಳೆ ಬಂದರೆ?
– ನಾಪೋಕ್ಲು

ಉತ್ತರ: ಮಾರ್ಚ್, ಏಪ್ರಿಲ್ ಮಳೆ ಗುಡುಗಿನೊಂದಿಗೆ ಮಧ್ಯಾಹ್ನದ ಮೇಲೆ ಬರುವುದೇ ಹೆಚ್ಚು. ಮೊದಲ ಅರ್ಧ ಗಂಟೆ ಅಪಾಯ. ಬೇಸಿಗೆಯ ಧೂಳು, ಬಿದ್ದ ಎಣ್ಣೆ, ತೋಟದಿಂದ ಬಂದ ಟ್ರ್ಯಾಕ್ಟರ್ ಗಾಲಿಯ ಕೆಂಪು ಮಣ್ಣು ಮೂರೂ ಸೇರಿ ರಸ್ತೆ ಸಾಬೂನಾಗುತ್ತದೆ. ತಿರುವಿನ ಒಳಬದಿಗೆ ಸಿಲ್ವರ್ ಓಕ್ ಎಲೆ ರಾಶಿ ಬಿದ್ದಿರುತ್ತದೆ. ಒಣಗಿದ್ದಾಗಲೇ ಜಾರುವ ಎಲೆ, ನೆನೆದರೆ ಕೇಳಬೇಡಿ. ಬಸ್‌ ತಂಗುದಾಣದಲ್ಲಿ ನಿಲ್ಲಿ, ಮರದಡಿ ಬೇಡ. ಜಡಿಮಳೆ ರಸ್ತೆ ತೊಳೆದ ಮೇಲೆ ಹೊರಡಿ. ಹೊರಟ ನೂರು ಮೀಟರ್‌ನಲ್ಲಿ ಎರಡೂ ಬ್ರೇಕನ್ನು ಮೆಲ್ಲಗೆ ಒತ್ತಿ ಡ್ರಮ್ಮಿನ ಪಸೆ ಆರಿಸಿಕೊಳ್ಳಿ. ಹಳೆಯ ಗಾಡಿ ಪಟಪಟ ಎಂದು ನಿಂತರೆ ಪ್ಲಗ್ ಕ್ಯಾಪಿನೊಳಗೆ ನೀರು ಹೋಗಿದೆ. ಬಿಚ್ಚಿ ಒಣಬಟ್ಟೆಯಲ್ಲಿ ಒರೆಸಿ ಹಾಕಿ.