ಮೊಟ್ಟೆ ಸಿಪ್ಪೆಯ ಕ್ಯಾಟಲಿಸ್ಟ್ ಮೂರನೇ ಸಲ ಕೈಕೊಟ್ಟಿದ್ದೇಕೆ?

ಪ್ರಶ್ನೆ: ಸರ್, ನಾನು ಮಂಡ್ಯದಲ್ಲಿ ಎಂ.ಎಸ್ಸಿ. ಕೆಮಿಸ್ಟ್ರಿ ಓದುತ್ತಿದ್ದೇನೆ. ಪ್ರಾಜೆಕ್ಟಿಗೆ ಹೊಂಗೆ ಎಣ್ಣೆಗೆ ಮೆಥನಾಲ್ ಸೇರಿಸಿ ಬಯೋಡೀಸೆಲ್ ಮಾಡುತ್ತಿದ್ದೇವೆ. ಬೇಕರಿಯಿಂದ ತಂದ ಮೊಟ್ಟೆ ಸಿಪ್ಪೆಯನ್ನು ಫರ್ನೇಸಿನಲ್ಲಿ 900 ಡಿಗ್ರಿಗೆ ಕಾಯಿಸಿ ಕ್ಯಾಟಲಿಸ್ಟ್ (ರಿಯಾಕ್ಷನ್ ಬೇಗ ಆಗುವಂತೆ ಮಾಡುವ ವಸ್ತು) ಮಾಡಿಕೊಂಡೆವು. 3 ಗಂಟೆ ನಡೆಸಿದಾಗ ಎಣ್ಣೆ ಮೊದಲ ಸಲ 94%, ಎರಡನೇ ಸಲ 93% ಬಯೋಡೀಸೆಲ್ ಆಯಿತು. ಮೂರನೇ ಸಲ ಒಮ್ಮೆಲೇ 60%. ಪ್ರತಿ ಸಲ ಸೋಸಿ, ನೀರಲ್ಲಿ ತೊಳೆದು, ಒಣಗಿಸಿ ಬಳಸಿದ್ದೇವೆ. ಎರಡು ಸಲ ಚೆನ್ನಾಗಿದ್ದದ್ದು ಮೂರನೇ ಸಲ ಹೇಗೆ ಹಾಳಾಯಿತು?
– ಓದುಗರು, ಮಂಡ್ಯ

ಉತ್ತರ (ಕೆಮಿಕಲ್ ಎಂಜಿನಿಯರಿಂಗ್ ಅಧ್ಯಾಪಕರು, ಮೈಸೂರು): ಮೂರನೇ ಸಲ ಹಾಳಾಯಿತು ಅಂತ ಯಾಕೆ ಅಂದುಕೊಂಡಿರಿ? ಬಹುಶಃ ಮೊದಲ ಸಲದಿಂದಲೇ ಹಾಳಾಗುತ್ತಾ ಬಂದಿದೆ. ನೀವು ಅಳೆದ ರೀತಿಯಲ್ಲಿ ಅದು ಕಾಣಿಸಲಿಲ್ಲ, ಅಷ್ಟೇ.

ಇಬ್ಬರು ಬೈಕಿನಲ್ಲಿ ಮಂಡ್ಯದಿಂದ ಮೈಸೂರಿಗೆ ಹೊರಟರು ಅನ್ನಿ. 3 ಗಂಟೆ ಬಿಟ್ಟು ನೋಡಿದರೆ ಇಬ್ಬರೂ ಮೈಸೂರಿನಲ್ಲೇ ಇರುತ್ತಾರೆ. ಯಾರು ಜೋರಾಗಿ ಬಂದರು ಅಂತ ಹೇಗೆ ಗೊತ್ತಾಗಬೇಕು? ಹೊಸ ಕ್ಯಾಟಲಿಸ್ಟ್ ಒಂದು ಗಂಟೆಯಲ್ಲೇ ಕೆಲಸ ಮುಗಿಸಿರಬಹುದು. ಅರ್ಧ ಶಕ್ತಿ ಕಳೆದುಕೊಂಡದ್ದು ಎರಡೂವರೆ ಗಂಟೆ ತೆಗೆದುಕೊಂಡಿರಬಹುದು. 3 ಗಂಟೆಗೆ ಎರಡೂ ಹೆಚ್ಚುಕಮ್ಮಿ ಒಂದೇ. ಹಾಗಾಗಿ ಮೊದಲ ಅರ್ಧ ಗಂಟೆಯಲ್ಲಿ ಐದೈದು ನಿಮಿಷಕ್ಕೊಮ್ಮೆ ಸ್ಯಾಂಪಲ್ ತೆಗೆಯಿರಿ. 20–30% ಆಗುವವರೆಗಿನ ವೇಗವನ್ನು ಮಾತ್ರ ಹೋಲಿಸಿ. ಮರುಬಳಕೆಯ ಅಂಕಿಗಳಲ್ಲಿ ನಾನು ನಂಬುವುದು ಇದೊಂದನ್ನೇ.

ಇಲ್ಲೊಂದು ಎಚ್ಚರಿಕೆ ಬೇಕು. ಎಣ್ಣೆಯೂ ಮೆಥನಾಲೂ ಬೆರೆಯುವುದಿಲ್ಲ. ಶುರುವಿನಲ್ಲಿ ನೀವು ಅಳೆಯುವುದು ಕ್ಯಾಟಲಿಸ್ಟಿನ ವೇಗ ಮಾತ್ರವಲ್ಲ, ಕಲಕುವ ಸ್ಟರರ್‌ನ ವೇಗವೂ ಆಗಿರಬಹುದು. 300, 500, 700 ಆರ್‌ಪಿಎಂನಲ್ಲಿ ನಡೆಸಿ ನೋಡಿ. ಯಾವ ವೇಗ ದಾಟಿದ ಮೇಲೆ ಫಲಿತಾಂಶ ಬದಲಾಗುವುದಿಲ್ಲವೋ, ಅದಕ್ಕಿಂತ ಮೇಲೆ ಕೆಲಸ ಮಾಡಿ. ಪುಡಿಯನ್ನು ಇನ್ನೂ ಸಣ್ಣಗೆ ಅರೆದು, ಜರಡಿ ಹಿಡಿದೂ ಒಮ್ಮೆ ನೋಡಬೇಕು; ಆಗಲೂ ಫಲಿತಾಂಶ ಬದಲಾಗಬಾರದು.

ಇನ್ನು ಹಾಳಾದದ್ದು ಯಾಕೆ? ನೀರಲ್ಲಿ ತೊಳೆದಿದ್ದು ದೊಡ್ಡ ಎಡವಟ್ಟು. ನಿಮ್ಮ ಕ್ಯಾಟಲಿಸ್ಟ್ ಸುಟ್ಟ ಸುಣ್ಣವೇ ಅಲ್ವಾ? ನೀರು ತಾಗಿದರೆ ಅರಳುತ್ತದೆ. ಅರಳಿದ ಸುಣ್ಣ ಈ ಕೆಲಸದಲ್ಲಿ ತುಂಬಾ ನಿಧಾನ. ಸುಮ್ನೆ ಗಾಳಿಗೆ ಇಟ್ಟರೂ ತೇವ, ಕಾರ್ಬನ್ ಡೈಆಕ್ಸೈಡ್ ಎರಡನ್ನೂ ಹೀರಿಕೊಳ್ಳುತ್ತದೆ. ಮೆಥನಾಲ್, ಆಮೇಲೆ ಹೆಕ್ಸೇನ್‌ನಲ್ಲಿ ತೊಳೆಯಿರಿ. ಪೂರ್ತಿ ಒಣಗಿಸಿ, ಮತ್ತೆ ಫರ್ನೇಸಿನಲ್ಲಿ ಕಾಯಿಸಿ, ತೇವ ತಾಗದಂತೆ ಡೆಸಿಕೇಟರ್‌ನಲ್ಲಿಡಿ. ಸಿಪ್ಪೆ ಸರಿಯಾಗಿ ಸುಟ್ಟಿದೆಯೇ ಅನ್ನುವುದಕ್ಕೆ ತಕ್ಕಡಿ ಸಾಕು. 100 ಗ್ರಾಂ ಕ್ಯಾಲ್ಸಿಯಂ ಕಾರ್ಬೋನೇಟ್ 56 ಗ್ರಾಂ ಸುಣ್ಣವಾಗುತ್ತದೆ. 10 ಗ್ರಾಂ ಸಿಪ್ಪೆಗೆ 7 ಗ್ರಾಂ ಉಳಿದರೆ ಒಳಗೆ ಇನ್ನೂ ಸುಡದೆ ಉಳಿದಿದೆ ಅಂತ.

ಎಣ್ಣೆಯನ್ನೂ ಅನುಮಾನಿಸಿ. ಹೊಂಗೆ ಎಣ್ಣೆ ಹಳೆಯದಾದಷ್ಟೂ ಬಿಡಿ ಆಮ್ಲ ಜಾಸ್ತಿ. ಆ ಆಮ್ಲ ಸುಣ್ಣದ ಜೊತೆ ಸೇರಿ ಸೋಪಾಗಿ ಪುಡಿಯ ಮೇಲೆ ಮೆತ್ತಿಕೊಳ್ಳುತ್ತದೆ. ಸೋಸುವಾಗ ಅಂಟಂಟಾಗಿದ್ದರೆ ಇದೇ ಕಾರಣ. ಆಮ್ಲ ಎಷ್ಟಿದೆ ಎಂದು ತಿಳಿಯಲು ಕೆಒಎಚ್ (ಪೊಟ್ಯಾಸಿಯಂ ಹೈಡ್ರಾಕ್ಸೈಡ್) ಟೈಟ್ರೇಶನ್ ಮಾಡಿ. ಬಿಡಿ ಆಮ್ಲ 2% ದಾಟಿದ್ದರೆ ಮೊದಲು ಮೆಥನಾಲ್ ಜೊತೆ ಸ್ವಲ್ಪ ಸಲ್ಫ್ಯೂರಿಕ್ ಆಸಿಡ್ ಹಾಕಿ ಅದನ್ನು ಇಳಿಸಿಕೊಳ್ಳಿ. ಆಸಿಡ್, ನೀರು ಎರಡನ್ನೂ ಪೂರ್ತಿ ತೆಗೆದ ಮೇಲೇ ಸುಣ್ಣಕ್ಕೆ ಹಾಕಿ.

ಕೊನೆಯ ಅನುಮಾನ ಪರೀಕ್ಷಕರು ಖಂಡಿತ ಎತ್ತುತ್ತಾರೆ. ಕೆಲಸ ಮಾಡುತ್ತಿರುವುದು ಪುಡಿಯೋ, ಅದರಿಂದ ಕರಗಿ ಹೋದ ಕ್ಯಾಲ್ಸಿಯಮ್ಮೋ? ಅರ್ಧ ದಾರಿಯಲ್ಲಿ, ಬಿಸಿಯಿರುವಾಗಲೇ ಪುಡಿಯನ್ನು ಸೋಸಿ ತೆಗೆದುಬಿಡಿ. (ಮೆಥನಾಲ್ ವಿಷ, ಬೆಂಕಿಯೂ ಬೇಗ ಹತ್ತುತ್ತದೆ. ಆವಿಯನ್ನು ಹೊರಗೆಳೆಯುವ ಫ್ಯೂಮ್ ಹುಡ್ ಇಲ್ಲದೆ ಇದನ್ನು ಮಾಡಬೇಡಿ.) ಉಳಿದ ದ್ರವವನ್ನು ಹಾಗೇ ಕಲಕುತ್ತಿರಿ. ರಿಯಾಕ್ಷನ್ ಅಲ್ಲಿಗೇ ನಿಂತರೆ ಒಳ್ಳೆಯದು. ಮುಂದುವರಿದರೆ ಕ್ಯಾಟಲಿಸ್ಟ್ ಸಲಸಲಕ್ಕೂ ಕರಗುತ್ತಿದೆ ಎಂದರ್ಥ. ಆಗ ಬಯೋಡೀಸೆಲ್‌ನಲ್ಲೂ ಕ್ಯಾಲ್ಸಿಯಂ ಇರುತ್ತದೆ. ಯುರೋಪಿನ ಮಾನದಂಡ ಇಎನ್ 14214 ಕ್ಯಾಲ್ಸಿಯಂ, ಮೆಗ್ನೀಸಿಯಂ ಎರಡೂ ಸೇರಿ ಕಿಲೋಗೆ 5 ಮಿಲಿಗ್ರಾಂ ದಾಟಬಾರದು ಅನ್ನುತ್ತದೆ. ಆ ಅಳತೆ ಮಾಡಿಸದೆ ‘ಮರುಬಳಸಬಹುದಾದ ಕ್ಯಾಟಲಿಸ್ಟ್’ ಅಂತ ರಿಪೋರ್ಟಿನ ಶೀರ್ಷಿಕೆಯಲ್ಲಿ ಹಾಕಬೇಡಿ.